ಸಮಸ್ತಿಪುರದ ಹುಡುಗನ ಜ್ವರ ನಮಗೂ ಬರುತ್ತಾ?

ಪ್ರಶ್ನೆ: ನಾನು ಹೊಸಕೋಟೆ ಹತ್ತಿರ ಕಟ್ಟಡ ಕೆಲಸದ ಸೂಪರ್‌ವೈಸರ್. ನಮ್ಮಲ್ಲಿ ಕಂಬಿ ಕಟ್ಟುವ ಹತ್ತೊಂಬತ್ತರ ಹುಡುಗನೊಬ್ಬನಿಗೆ ಒಂದೂವರೆ ತಿಂಗಳು ಜ್ವರ ಬಿಡಲೇ ಇಲ್ಲ. ಟೈಫಾಯ್ಡ್ ಎಂದು ಎರಡು ಕಡೆ ಔಷಧಿ ಕೊಟ್ಟರು. ಹೊಟ್ಟೆಯ ಎಡಭಾಗ ಊದಿಕೊಂಡಿತು, ಹುಡುಗ ಕಡ್ಡಿಯಂತಾದ. ಕೊನೆಗೆ ದೊಡ್ಡಾಸ್ಪತ್ರೆಯಲ್ಲಿ 'ಕಾಲಾ ಅಜಾರ್' ಎಂದರು. ಅವನ ಊರು ಬಿಹಾರದ ಸಮಸ್ತಿಪುರ. ಹನ್ನೆರಡು ಜನ ಒಂದೇ ಶೆಡ್ಡಿನಲ್ಲಿ ಮಲಗುತ್ತಾರೆ. ಇದು ನಮಗೂ ಹರಡುತ್ತಾ? ಈ ಕಾಯಿಲೆ ಬಿಹಾರದಲ್ಲೇ ಯಾಕೆ? ದೇಶದಲ್ಲಿ ಇದು ಮುಗಿದೇ ಹೋಯಿತು ಎಂದು ಟಿವಿಯಲ್ಲಿ ಹೇಳಿದ್ದರಲ್ಲ?

ಉತ್ತರ: ಮೊದಲು ನಿಮ್ಮ ಗಾಬರಿಯ ವಿಷಯ. ಒಂದೇ ಶೆಡ್ಡಿನಲ್ಲಿ ಮಲಗಿದರೆ, ಒಂದೇ ತಟ್ಟೆಯಲ್ಲಿ ಉಂಡರೆ, ಮೈ ಮುಟ್ಟಿದರೆ ಈ ಕಾಯಿಲೆ ಬರುವುದಿಲ್ಲ. ಕೆಮ್ಮಿದರೂ ಸೀನಿದರೂ ಬರುವುದಿಲ್ಲ. ಅವನ ಹಾಸಿಗೆ ಸುಡಬೇಕಿಲ್ಲ. ಉಳಿದ ಹುಡುಗರನ್ನು ಊರಿಗೆ ಅಟ್ಟುವ ಯೋಚನೆಯಂತೂ ಬೇಡವೇ ಬೇಡ. ಹಾಗೆ ಮಾಡಿದರೆ ನಾಳೆ ಇನ್ನೊಬ್ಬನಿಗೆ ಜ್ವರ ಬಂದಾಗ ಅವನು ನಿಮ್ಮ ಹತ್ತಿರ ಬಾಯಿ ಬಿಡುವುದಿಲ್ಲ, ಅಷ್ಟೇ.

ಒಬ್ಬರಿಂದ ಇನ್ನೊಬ್ಬರಿಗೆ ದಾಟಬೇಕೆಂದರೆ ನಡುವೆ ಒಂದು ನೊಣ ಬೇಕು. ಮರಳು ನೊಣ ಎನ್ನುತ್ತೇವೆ. ಬಿಹಾರದ ಹಳ್ಳಿಗಳಲ್ಲಿ 'ಬಾಲು ಮಕ್ಖಿ'. ಇದರ ಕಥೆಗೆ ಆಮೇಲೆ ಬರುತ್ತೇನೆ.

ನಿಮ್ಮ ಪತ್ರದಲ್ಲಿ ನನ್ನನ್ನು ಚುಚ್ಚಿದ್ದು ಬೇರೆಯದೇ ಮಾತು. ಒಂದೂವರೆ ತಿಂಗಳು ಎಂದಿರಲ್ಲ, ಅದು. ಆ ಡಾಕ್ಟರುಗಳನ್ನು ಬೈಯುವ ಹಕ್ಕು ನನಗಿಲ್ಲ. ನಾನೂ ಇದೇ ತಪ್ಪು ಮಾಡಿದವನೇ. ಓದು ಮುಗಿಸಿದ ಹೊಸದರಲ್ಲಿ ಒಂದು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದೆ. ಇಂಥದ್ದೇ ಒಬ್ಬ ಹುಡುಗ ಬಂದ. ಟೈಫಾಯ್ಡ್ ನೋಡಿದೆವು, ಮಲೇರಿಯಾ ನೋಡಿದೆವು, ಟಿಬಿ ಇರಬಹುದು ಎಂದೆವು. ಹೊಟ್ಟೆಯ ಎಡಗಡೆ ಇರುವ ಗುಲ್ಮ (ಸ್ಪ್ಲೀನ್) ದಪ್ಪವಾಗುತ್ತಾ ಹೋದಾಗ ಬ್ಲಡ್ ಕ್ಯಾನ್ಸರ್ ಇರಬೇಕು ಎಂದು ಮೂಳೆಮಜ್ಜೆ ತೆಗೆದು ಕಳಿಸಿದೆವು. ಲ್ಯಾಬಿನ ಹಿರಿಯ ಮೇಡಂ ಮೈಕ್ರೋಸ್ಕೋಪಿನಿಂದ ತಲೆ ಎತ್ತಿ ಕೇಳಿದ್ದು ಒಂದೇ ಪ್ರಶ್ನೆ. 'ಈ ಹುಡುಗನ ಊರು ಯಾವುದು?' ಅಷ್ಟು ದಿನ ನಮ್ಮಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಕೇಸ್ ಶೀಟಿನಲ್ಲಿ ವಿಳಾಸ ಅಂತ ಬರೆದಿದ್ದದ್ದು ಅವನು ಕೆಲಸ ಮಾಡುತ್ತಿದ್ದ ಸೈಟಿನದು.

ಆ ಹುಡುಗ ಬದುಕಿದ. ನಾನು ಕೆಲವು ವರ್ಷಗಳ ನಂತರ ವೈಶಾಲಿ, ಮುಜಫ್ಫರ್‌ಪುರದ ಕಡೆ ಹೋಗಿ ಈ ಕಾಯಿಲೆಯನ್ನೇ ನೋಡುವ ಕೆಲಸಕ್ಕೆ ಸೇರಿದೆ. ಅಲ್ಲಿನ ಆಶಾ ಕಾರ್ಯಕರ್ತೆಗೂ ಗೊತ್ತಿರುವ ವಿಷಯ ಬೆಂಗಳೂರಿನಲ್ಲಿ ನಮಗೆ ಗೊತ್ತಿರಲಿಲ್ಲ. ಹದಿನೈದು ದಿನ ದಾಟಿದ ಜ್ವರ, ಎಡಗಡೆ ಪಕ್ಕೆಲುಬಿನ ಕೆಳಗೆ ಕೈಗೆ ಸಿಗುವ ಗಟ್ಟಿ ಗುಲ್ಮ. ಇವೆರಡೂ ಇದ್ದರೆ ಬೆರಳು ಚುಚ್ಚಿ ಒಂದು ಹನಿ ರಕ್ತ ತೆಗೆದು ಆರ್‌ಕೆ39 ಪಟ್ಟಿಯ ಮೇಲೆ ಹಾಕಬೇಕು. ಹತ್ತು ನಿಮಿಷದಲ್ಲಿ ಎರಡು ಗೆರೆ ಮೂಡಿದರೆ ಕಾಲಾ ಅಜಾರ್. ಗರ್ಭ ಪರೀಕ್ಷೆಯ ಪಟ್ಟಿಯ ಥರವೇ.

ಕಾಯಿಲೆ ಏನು ಅಂತ ಸ್ವಲ್ಪದರಲ್ಲಿ ಹೇಳುತ್ತೇನೆ. ಲೀಶ್ಮೇನಿಯಾ ಡೊನೊವನಿ ಎಂಬ ಒಂಟಿ ಜೀವಕೋಶದ ಪರೋಪಜೀವಿ. ನಮ್ಮ ಮೈಯಲ್ಲಿ ರೋಗಾಣುಗಳನ್ನು ನುಂಗುವ ಕಾವಲು ಕೋಶಗಳಿವೆಯಲ್ಲ, ಇದು ಅವುಗಳ ಒಳಗೇ ಮನೆ ಮಾಡುತ್ತದೆ. ಗುಲ್ಮ, ಲಿವರ್, ಮೂಳೆಮಜ್ಜೆಯಲ್ಲಿ ಅಂಥ ಕೋಶಗಳು ಜಾಸ್ತಿ. ಹಾಗಾಗಿ ಅಲ್ಲೇ ಬೆಳೆಯುತ್ತದೆ. ರಕ್ತ ಕಡಿಮೆಯಾಗುತ್ತದೆ, ತೂಕ ಇಳಿಯುತ್ತದೆ, ಕೆಲವರಿಗೆ ಮೈಬಣ್ಣ ಕಪ್ಪಾಗುತ್ತದೆ. ಹೆಸರಿನ 'ಕಾಲಾ' ಬಂದದ್ದು ಅದರಿಂದ. ಔಷಧಿ ಕೊಡದಿದ್ದರೆ ನೂರಕ್ಕೆ ತೊಂಬತ್ತೈದು ಮಂದಿ ಸಾಯುತ್ತಾರೆ. ಎಷ್ಟೋ ಸಲ ಸಾಯುವುದು ನ್ಯುಮೋನಿಯಾದಿಂದಲೋ ಭೇದಿಯಿಂದಲೋ. ಸಾವಿನ ಕಾರಣದಲ್ಲಿ ಇದರ ಹೆಸರೇ ಬರುವುದಿಲ್ಲ.

ಈಗ ನಿಮ್ಮ ಎರಡನೇ ಪ್ರಶ್ನೆ. ಬಿಹಾರದಲ್ಲೇ ಯಾಕೆ?

ನಿಜ ಹೇಳಬೇಕೆಂದರೆ ಇದು ಮೊದಲು ಬಿಹಾರದ ಕಾಯಿಲೆ ಎಂದು ಹೆಸರಾಗಿರಲಿಲ್ಲ. ಹಳೆಯ ದಾಖಲೆಗಳು ನಮ್ಮನ್ನು ಕರೆದೊಯ್ಯುವುದು ಈಗಿನ ಬಾಂಗ್ಲಾದೇಶದ ಜೆಸ್ಸೋರ್‌ಗೆ, 1824-25ಕ್ಕೆ. ಅಲ್ಲಿನ ಮಹಮ್ಮದ್‌ಪುರದಲ್ಲಿ ರಸ್ತೆ ಕೆಲಸಕ್ಕೆ ತಂದಿದ್ದ ಕೈದಿಗಳು ಜ್ವರದಿಂದ ಸತ್ತರು ಎಂಬ ಬರಹಗಳಿವೆ. ಕೂಲಿ ಜನ, ಹೊಸ ರಸ್ತೆ, ಬಿಡದ ಜ್ವರ. ನಿಮ್ಮ ಪತ್ರ ಓದುವಾಗ ನನಗೆ ಆ ಕೈದಿಗಳೇ ನೆನಪಾದರು. ಅಲ್ಲಿಂದ ಮುಂದೆ ಪಶ್ಚಿಮಕ್ಕೆ ಸರಿದು ಬರ್ದ್ವಾನ್ ಜಿಲ್ಲೆಯನ್ನು ಹಾಳುಗೆಡವಿತು. 1850ರಿಂದ 1870ರ ದಶಕದವರೆಗೆ ಅದಕ್ಕೆ 'ಬರ್ದ್ವಾನ್ ಜ್ವರ' ಎಂದೇ ಹೆಸರು. ಅದರಲ್ಲಿ ಮಲೇರಿಯಾ ಎಷ್ಟು, ಕಾಲಾ ಅಜಾರ್ ಎಷ್ಟು ಎಂದು ಇವತ್ತಿಗೂ ಬಿಡಿಸಿ ಹೇಳುವುದು ಕಷ್ಟ. ಎರಡೂ ಸೇರಿಕೊಂಡಿದ್ದವು ಎನ್ನುವುದೇ ಸರಿ.

ಅತಿ ಭಯಂಕರ ಅಧ್ಯಾಯ ಅಸ್ಸಾಮಿನದು. 1870ರ ಸುಮಾರಿಗೆ ಗಾರೋ ಬೆಟ್ಟಗಳ ಬುಡದಲ್ಲಿ ಕಾಣಿಸಿಕೊಂಡಿತು. ಅಲ್ಲಿಂದ ಗೋಲ್‌ಪಾರಾ, ಕಾಮರೂಪ, ನವಗಾಂವ್ ಎಂದು ಬ್ರಹ್ಮಪುತ್ರ ಕಣಿವೆಯುದ್ದಕ್ಕೂ ಮೇಲಕ್ಕೆ ಹತ್ತಿತು. ಹಾರಿ ಹಾರಿ ಹೋಗಲಿಲ್ಲ. ಟ್ರಂಕ್ ರಸ್ತೆ ಹಿಡಿದು, ಊರಿಂದ ಪಕ್ಕದ ಊರಿಗೆ, ನೆಂಟರ ಮನೆಯಿಂದ ನೆಂಟರ ಮನೆಗೆ, ನಡೆದುಕೊಂಡು ಹೋಯಿತು. 1891ರ ಜನಗಣತಿಗೂ 1901ರ ಜನಗಣತಿಗೂ ನಡುವೆ ನವಗಾಂವ್ ಜಿಲ್ಲೆಯಲ್ಲಿ ಜನಸಂಖ್ಯೆಯ ಸುಮಾರು ಕಾಲು ಭಾಗವೇ ಇಳಿದುಹೋಗಿತ್ತು. ಗದ್ದೆಗಳು ಪಾಳು ಬಿದ್ದವು. ಗಾರೋ ಜನ ಇದನ್ನು 'ಸರ್ಕಾರಿ ಬಿಮಾರಿ' ಎಂದು ಕರೆದದ್ದೂ ದಾಖಲಾಗಿದೆ. ಬ್ರಿಟಿಷರ ಆಡಳಿತ ಬಂದ ಮೇಲೆ ಬಂದ ಕಾಯಿಲೆ ಅಂತ. ರಸ್ತೆ, ತೋಟ, ಕೂಲಿಗಳ ಓಡಾಟ ಎಲ್ಲ ಜಾಸ್ತಿಯಾದದ್ದು ಆಗಲೇ. ಜನರ ಲೆಕ್ಕ ಪೂರ್ತಿ ತಪ್ಪಿರಲಿಲ್ಲ, ಅಲ್ವಾ?

ಓದಿದವರ ಲೆಕ್ಕವೇ ತಪ್ಪುತ್ತಿತ್ತು. 1889-90ರಲ್ಲಿ ತನಿಖೆಗೆ ಬಂದ ಗೈಲ್ಸ್ ಎಂಬ ವೈದ್ಯ 'ಇದು ಕೊಕ್ಕೆಹುಳು' ಎಂದ. 1896-97ರಲ್ಲಿ ಬಂದ ಲಿಯೊನಾರ್ಡ್ ರಾಜರ್ಸ್ 'ಇದು ಜೋರಾದ ಮಲೇರಿಯಾ' ಎಂದ. ಮಲೇರಿಯಾದ ಸೊಳ್ಳೆಯನ್ನು ಹಿಡಿದುಕೊಟ್ಟ ರೊನಾಲ್ಡ್ ರಾಸ್‌ ಕೂಡ ಮಲೇರಿಯಾವೇ ಎಂದ. ಆದರೆ ಇದೇ ರಾಜರ್ಸ್ ಕಾಲದಲ್ಲಿ ಚಹಾ ತೋಟಗಳಲ್ಲಿ ಒಂದು ಕೆಲಸ ನಡೆಯಿತು. ಅದು ನನಗೆ ತುಂಬ ಇಷ್ಟ. ಕಾಯಿಲೆ ಬಿದ್ದವರ ಲೈನ್ ಮನೆಗಳನ್ನು ಬಿಟ್ಟು, ಕೆಲವೇ ನೂರು ಗಜ ದೂರದಲ್ಲಿ ಹೊಸ ಲೈನ್ ಕಟ್ಟಿದರು. ಕಾಯಿಲೆ ಇಲ್ಲದ ಹೊಸ ಕೂಲಿಗಳನ್ನು ಮಾತ್ರ ಅಲ್ಲಿಟ್ಟರು. ವರ್ಷಗಳು ಕಳೆದರೂ ಆ ಹೊಸ ಲೈನುಗಳಲ್ಲಿ ಕಾಯಿಲೆ ಬರಲಿಲ್ಲ. ಅದೇ ತೋಟ, ಅದೇ ನೀರು, ಅದೇ ಗಾಳಿ. ಹಾಗಾದರೆ ಕಾಯಿಲೆ ಮನೆಯಲ್ಲಿದೆ. ಮನೆಯಿಂದ ಹೆಚ್ಚು ದೂರ ಹೋಗಲಾರದ ಯಾವುದೋ ಒಂದರಲ್ಲಿದೆ. ಅದು ಏನೆಂದು ಗೊತ್ತಾಗುವ ಮೊದಲೇ ಅದನ್ನು ತಡೆಯುವ ದಾರಿ ಸಿಕ್ಕಿತ್ತು.

ರೋಗಾಣು ಸಿಕ್ಕಿದ್ದು 1903ರಲ್ಲಿ. ಇದರಲ್ಲಿ ದಕ್ಷಿಣದ ಪಾಲೂ ಇದೆ, ನಮ್ಮವರಿಗೆ ಸಾಮಾನ್ಯವಾಗಿ ಗೊತ್ತಿರುವುದಿಲ್ಲ. ಕಲ್ಕತ್ತಾ ಬಳಿಯ ಡಂಡಂನಲ್ಲಿ ಜ್ವರ ಹಿಡಿದು ಇಂಗ್ಲೆಂಡಿಗೆ ಹೋಗಿ ಸತ್ತ ಸೈನಿಕನೊಬ್ಬನ ಗುಲ್ಮದಲ್ಲಿ ವಿಲಿಯಂ ಲೀಶ್ಮನ್ ಸಣ್ಣ ಸಣ್ಣ ಕಣಗಳನ್ನು ಕಂಡಿದ್ದ. ಅದನ್ನು ಪ್ರಕಟಿಸಿದ್ದು 1903ರ ಮೇ ತಿಂಗಳಲ್ಲಿ. ಅದೇ ವರ್ಷ ಜುಲೈನಲ್ಲಿ ಮದರಾಸಿನ ಜನರಲ್ ಆಸ್ಪತ್ರೆಯಲ್ಲಿ ಚಾರ್ಲ್ಸ್ ಡೊನೊವನ್ ಬದುಕಿದ್ದ ರೋಗಿಯ ಗುಲ್ಮದಿಂದಲೇ ಅವನ್ನು ತೆಗೆದು ತೋರಿಸಿದ. ಇಬ್ಬರ ಹೆಸರನ್ನೂ ಸೇರಿಸಿ ರಾಸ್ ಅದಕ್ಕೆ ಲೀಶ್ಮೇನಿಯಾ ಡೊನೊವನಿ ಎಂದು ಹೆಸರಿಟ್ಟ. ಅಂದರೆ ಒಂದು ಕಾಲಕ್ಕೆ ಮದರಾಸು ನಗರದಲ್ಲೂ ಕಾಲಾ ಅಜಾರ್ ಇತ್ತು. ಬಿಹಾರಕ್ಕೆ ಇದನ್ನು ಯಾರೂ ಬರೆದುಕೊಟ್ಟಿಲ್ಲ.

ಹರಡುವುದು ಯಾರು? ಇದಕ್ಕೆ ಮತ್ತೆ ನಲವತ್ತು ವರ್ಷ ಹಿಡಿಯಿತು. ಮೊದಲು ತಿಗಣೆಯ ಮೇಲೆ ಅನುಮಾನ. ಪಾಪ, ತಿಗಣೆಗಳನ್ನು ವರ್ಷಗಟ್ಟಲೆ ಕೊಯ್ದು ನೋಡಿದರು. 1920ರ ದಶಕದಲ್ಲಿ ಸಿಂಟನ್ ಎಂಬಾತ ದೇಶದ ನಕ್ಷೆಯಲ್ಲಿ ಕಾಯಿಲೆ ಇರುವ ಜಾಗವನ್ನೂ ಒಂದು ಜಾತಿಯ ಮರಳು ನೊಣ ಇರುವ ಜಾಗವನ್ನೂ ಹೊಂದಿಸಿ ನೋಡಿದ. ಫ್ಲೆಬೊಟೊಮಸ್ ಅರ್ಜೆಂಟಿಪೆಸ್ ಎಂದು ಆ ನೊಣದ ಹೆಸರು. ಅನುಮಾನ ಗಟ್ಟಿಯಾಯಿತು, ಆದರೆ ನೊಣದಿಂದ ಕಚ್ಚಿಸಿ ಕಾಯಿಲೆ ಬರಿಸಲು ಆಗಲೇ ಇಲ್ಲ. ನೊಣದ ಹೊಟ್ಟೆಯಲ್ಲಿ ರೋಗಾಣು ಸಾಕಷ್ಟು ಬೆಳೆಯುತ್ತಿರಲಿಲ್ಲ. ಕೊನೆಗೆ ದಾರಿ ತೋರಿಸಿದ್ದು ಒಣದ್ರಾಕ್ಷಿ! ಸ್ಮಿತ್, ಹಾಲ್ದಾರ್, ಅಹ್ಮದ್ ಎಂಬ ಮೂವರು 1940ರ ಸುಮಾರಿಗೆ ಒಂದು ಸಲ ರಕ್ತ ಕುಡಿಸಿದ ಮೇಲೆ ನೊಣಗಳಿಗೆ ಒಣದ್ರಾಕ್ಷಿಯ ಸಿಹಿ ಕೊಟ್ಟು ಸಾಕಿದರು. ರೋಗಾಣು ಗಂಟಲವರೆಗೆ ತುಂಬಿಕೊಂಡಿತು. ನೊಣ ಬಯಲಿನಲ್ಲೂ ಗಿಡಗಳ ಸಿಹಿರಸ ಹೀರುತ್ತದೆ, ಪ್ರಯೋಗಾಲಯದಲ್ಲಿ ಅದನ್ನು ಯಾರೂ ಯೋಚಿಸಿರಲಿಲ್ಲ. ಇದೇ ಉಪಾಯ ಹಿಡಿದು 1942ರಲ್ಲಿ ಸ್ವಾಮಿನಾಥ್, ಶಾರ್ಟ್, ಆಂಡರ್ಸನ್ ಸ್ವಯಂಸೇವಕರ ಮೇಲೆ ಸಾಬೀತು ಮಾಡಿದರು.

ನೊಣವನ್ನು ಹತ್ತಿರದಿಂದ ನೋಡಿದರೆ 'ಬಿಹಾರವೇ ಯಾಕೆ' ಅನ್ನುವುದಕ್ಕೆ ಅರ್ಧ ಉತ್ತರ ಸಿಗುತ್ತದೆ. ಎರಡು ಮೂರು ಮಿಲಿಮೀಟರ್ ಉದ್ದ, ಸೊಳ್ಳೆಯ ಮೂರನೇ ಒಂದು ಭಾಗ. ಸೊಳ್ಳೆ ಪರದೆಯ ಕಣ್ಣಿನಲ್ಲಿ ಎಷ್ಟೋ ಸಲ ನುಸುಳಿಬಿಡುತ್ತದೆ. ಗುಂಯ್ ಎನ್ನುವುದಿಲ್ಲ. ಹಾರುವುದಕ್ಕಿಂತ ಕುಪ್ಪಳಿಸುವುದೇ ಹೆಚ್ಚು, ಅದೂ ನೆಲದ ಹತ್ತಿರ. ಅದಕ್ಕೇ ಔಷಧಿ ಹೊಡೆಯುವವರು ಗೋಡೆಗೆ ಆರಡಿ ಎತ್ತರದವರೆಗೆ ಹೊಡೆದರೆ ಸಾಕು ಎನ್ನುತ್ತಿದ್ದರು. ಇದಕ್ಕೆ ಮೊಟ್ಟೆಯಿಡಲು ನಿಂತ ನೀರು ಬೇಡ. ಒದ್ದೆ ಮಣ್ಣು, ಅದರಲ್ಲಿ ಸ್ವಲ್ಪ ಸಗಣಿ, ಕೊಳೆತ ಎಲೆ, ಕತ್ತಲೆ ಬೇಕು. ಗಂಗೆಯ ಮೆಕ್ಕಲು ಮಣ್ಣಿನ ಬಯಲಿನಲ್ಲಿ, ದನವೂ ಜನವೂ ಒಂದೇ ಸೂರಿನಡಿ ಮಲಗುವ ಮಣ್ಣಿನ ಗುಡಿಸಲಿನಲ್ಲಿ, ಬಿರುಕು ಬಿಟ್ಟ ಗೋಡೆಯಲ್ಲಿ ಇದೆಲ್ಲ ಒಟ್ಟಿಗೆ ಸಿಗುತ್ತದೆ. ಸಮುದ್ರ ಮಟ್ಟದಿಂದ 600 ಮೀಟರ್‌ಗಿಂತ ಮೇಲೆ ನಮ್ಮ ದೇಶದಲ್ಲಿ ಈ ಕಾಯಿಲೆ ಕಡಿಮೆ. ನಿಮ್ಮ ಹೊಸಕೋಟೆ 800 ಮೀಟರ್‌ಗಿಂತ ಎತ್ತರದಲ್ಲಿದೆ. ಇನ್ನೊಂದು ವಿಷಯ. ಬ್ರೆಜಿಲ್‌ನಲ್ಲಿ, ಮೆಡಿಟರೇನಿಯನ್ ದೇಶಗಳಲ್ಲಿ ಇದರ ಅಣ್ಣತಮ್ಮಂದಿರಂಥ ರೋಗಾಣು ನಾಯಿಗಳಲ್ಲಿ ಅಡಗಿರುತ್ತದೆ. ನಮ್ಮ ಕಡೆಯದು ಹಾಗಲ್ಲ, ಮನುಷ್ಯನಿಂದ ನೊಣಕ್ಕೆ, ನೊಣದಿಂದ ಮನುಷ್ಯನಿಗೆ. ದನದ ರಕ್ತವನ್ನೂ ನೊಣ ಕುಡಿಯುತ್ತದೆ, ಆದರೆ ದನಕ್ಕೆ ಕಾಯಿಲೆ ಬರುವುದಿಲ್ಲ.

ಉಳಿದ ಅರ್ಧ ಉತ್ತರ ಬಡತನ. ಬಿಹಾರದಲ್ಲಿ ಈ ಕಾಯಿಲೆ ಹೆಚ್ಚು ಕಾಡಿದ್ದು ಮುಸಹರ ಎಂಬ ದಲಿತ ಸಮುದಾಯವನ್ನು. ಊರಾಚೆಯ ತಗ್ಗು ಜಾಗ, ಬಿದಿರ ತಟ್ಟಿಗೆ ಮಣ್ಣು ಮೆತ್ತಿದ ಗೋಡೆ, ಹೊಟ್ಟೆಗೆ ಸಾಲದ ಊಟ. ಸೋಂಕು ತಗುಲಿದ ಎಲ್ಲರಿಗೂ ಕಾಯಿಲೆ ಬರುವುದಿಲ್ಲ, ಎಷ್ಟೋ ಜನರ ಮೈ ಅದನ್ನು ತಾನೇ ಅದುಮಿ ಇಡುತ್ತದೆ. ಅರೆಹೊಟ್ಟೆಯ ಮೈಗೆ ಅದು ಕಷ್ಟ.

ಇನ್ನು ಟಿವಿಯವರು ಹೇಳಿದ ಮಾತು. ನನ್ನ ತಕರಾರು ಇರುವುದು ಇಲ್ಲೇ. ಈ ಕಾಯಿಲೆ 'ಮುಗಿದದ್ದು' ಇದೇ ಮೊದಲಲ್ಲ.

ಮೊದಲ ಸಲ ಅದನ್ನು ಅಡಗಿಸಿದ್ದು ಉಪೇಂದ್ರನಾಥ ಬ್ರಹ್ಮಚಾರಿ. ಕಲ್ಕತ್ತಾದ ಕ್ಯಾಂಪ್‌ಬೆಲ್ ಆಸ್ಪತ್ರೆಯ ಒಂದು ಪುಟ್ಟ ಕೋಣೆ. ಕರೆಂಟ್ ಇಲ್ಲ, ಗ್ಯಾಸ್ ಇಲ್ಲ, ನಲ್ಲಿ ಇಲ್ಲ. ಹೊಗೆ ಕಾರುವ ಲಾಟೀನಿನ ಬೆಳಕಿನಲ್ಲಿ ಕೂತು ಆಂಟಿಮನಿ ಲೋಹದಿಂದ ಯೂರಿಯಾ ಸ್ಟಿಬಮೈನ್ ಎಂಬ ಔಷಧಿ ತಯಾರಿಸಿದರು. 1920ರ ದಶಕದ ಆರಂಭದ ಮಾತು. ಅದಕ್ಕೆ ಮೊದಲು ಕೊಡುತ್ತಿದ್ದ ಟಾರ್ಟರ್ ಎಮೆಟಿಕ್ ವಾಂತಿ ಬರಿಸಿ ಬರಿಸಿ ರೋಗಿಯನ್ನೇ ಹಣ್ಣು ಮಾಡುತ್ತಿತ್ತು. ಹೊಸ ಔಷಧಿ ಅಸ್ಸಾಮಿನಲ್ಲಿ ಲಕ್ಷಾಂತರ ಜೀವ ಉಳಿಸಿತು. 1929ರಲ್ಲಿ ಅವರ ಹೆಸರು ನೊಬೆಲ್‌ಗೆ ಹೋಗಿತ್ತು, ಬರಲಿಲ್ಲ. ಬ್ರಹ್ಮಚಾರಿಯವರು 1922ರಲ್ಲಿ ಇನ್ನೊಂದನ್ನೂ ಗಮನಿಸಿದ್ದರು. ವಾಸಿಯಾದ ಕೆಲವರ ಮುಖ, ಮೈಮೇಲೆ ಆಮೇಲೆ ಮಚ್ಚೆ, ಗಂಟು ಏಳುತ್ತವೆ, ಅದರೊಳಗೆ ರೋಗಾಣು ಇರುತ್ತದೆ. ಈ ಮಚ್ಚೆಗಳ ಮಾತನ್ನು ನೆನಪಿಟ್ಟುಕೊಳ್ಳಿ.

ಎರಡನೇ ಸಲ ಕಾಯಿಲೆ ಹೋದದ್ದು ಯಾರೂ ಅದಕ್ಕಾಗಿ ಕೆಲಸ ಮಾಡದೆ. 1953ರಲ್ಲಿ ಮಲೇರಿಯಾ ನಿಯಂತ್ರಣ, 1958ರಲ್ಲಿ ಮಲೇರಿಯಾ ನಿರ್ಮೂಲನಾ ಕಾರ್ಯಕ್ರಮ ಬಂತು. ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ, ಪಂಪು ಹೊತ್ತು ಡಿಡಿಟಿ ಹೊಡೆದು ಬಾಗಿಲ ಮೇಲೆ ತಾರೀಖು ಬರೆದು ಹೋಗುತ್ತಿದ್ದ 'ಮಲೇರಿಯಾದವರು' ಅವರಿಗೆ ನೆನಪಿರುತ್ತಾರೆ. ಆ ಡಿಡಿಟಿ ಸೊಳ್ಳೆಗಾಗಿ. ಆದರೆ ಗೋಡೆಯ ಮೇಲೆ ಕೂತಿದ್ದ ಮರಳು ನೊಣವೂ ಸತ್ತಿತು. 1960ರ ದಶಕದಲ್ಲಿ ಕಾಲಾ ಅಜಾರ್ ಹೆಚ್ಚುಕಡಿಮೆ ಕಾಣೆಯಾಯಿತು. ಹೊಸ ಡಾಕ್ಟರುಗಳಿಗೆ ಅದನ್ನು ನೋಡುವ ಅವಕಾಶವೇ ಇರಲಿಲ್ಲ. ಪರೀಕ್ಷೆಗಷ್ಟೇ ಓದಿದರು.

ಮಲೇರಿಯಾ ಇಳಿಯಿತೆಂದು ಡಿಡಿಟಿ ನಿಂತಿತು. ನೊಣ ತಿರುಗಿ ಬಂತು. ಆದರೆ ರೋಗಾಣು ಎಲ್ಲಿಂದ ಬಂತು? ಹತ್ತಾರು ವರ್ಷ ಎಲ್ಲಿ ಅಡಗಿತ್ತು? ಬ್ರಹ್ಮಚಾರಿಯವರ ಆ ಮಚ್ಚೆಗಳಲ್ಲಿ. ಅಂಥ ಮಚ್ಚೆಯವರಿಗೆ ಜ್ವರ ಇರುವುದಿಲ್ಲ, ನೋವು ಇರುವುದಿಲ್ಲ. ಹೊಲದ ಕೆಲಸ ಮಾಡಿಕೊಂಡು ವರ್ಷಗಟ್ಟಲೆ ಆರಾಮಾಗಿ ಇರುತ್ತಾರೆ. ನೊಣ ಬಂದು ಅವರ ಚರ್ಮದಿಂದ ರೋಗಾಣು ಎತ್ತಿಕೊಂಡು ಹೋಗುತ್ತದೆ. ಪಶ್ಚಿಮ ಬಂಗಾಳದ ಹಳ್ಳಿಯೊಂದರಲ್ಲಿ ಹಾಗೆ ಒಬ್ಬರಿಂದಲೇ ಹೊಸದಾಗಿ ಕಾಯಿಲೆ ಎದ್ದದ್ದನ್ನು ಸಂಶೋಧಕರು ಪತ್ತೆ ಹಚ್ಚಿದ್ದಾರೆ. 1970ರ ದಶಕದಲ್ಲಿ ವೈಶಾಲಿ, ಮುಜಫ್ಫರ್‌ಪುರ, ಸಮಸ್ತಿಪುರ, ಸೀತಾಮಢಿ ಈ ನಾಲ್ಕು ಜಿಲ್ಲೆಗಳಲ್ಲಿ ಕಾಯಿಲೆ ಎದ್ದು ನಿಂತಿತು. 1977ರ ಹೊತ್ತಿಗೆ ಬಿಹಾರದಲ್ಲಿ ರೋಗಿಗಳ ಅಂದಾಜು ಒಂದು ಲಕ್ಷ. ನಿಮ್ಮ ಹುಡುಗನ ಜಿಲ್ಲೆ ಆ ನಾಲ್ಕರಲ್ಲಿ ಒಂದು, ನೋಡಿ. ಇದು 'ಬಿಹಾರದ ಕಾಯಿಲೆ' ಆದದ್ದು ಇಲ್ಲಿಂದ.

ಸರ್ಕಾರ 1990-91ರಲ್ಲಿ ಪ್ರತ್ಯೇಕ ಕಾರ್ಯಕ್ರಮ ಶುರು ಮಾಡಿತು. 1992ರಲ್ಲಿ ದೇಶದಲ್ಲಿ ದಾಖಲಾದದ್ದು 77,102 ರೋಗಿಗಳು, 1,419 ಸಾವು. ಸರ್ಕಾರಿ ಲೆಕ್ಕಕ್ಕೆ ಸಿಗದವರು ಇನ್ನೂ ಎಷ್ಟೋ. ಅಷ್ಟರಲ್ಲಿ ಆಂಟಿಮನಿ ಇಂಜೆಕ್ಷನ್‌ ಕೈ ಕೊಟ್ಟಿತ್ತು. ಗಂಗೆಯ ಉತ್ತರದ ಜಿಲ್ಲೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಅದು ಹಿಡಿಯುತ್ತಲೇ ಇರಲಿಲ್ಲ. ಮೆಡಿಕಲ್ ಅಂಗಡಿಯವನು ಕೊಟ್ಟಷ್ಟು, ದುಡ್ಡಿದ್ದಷ್ಟು ದಿನ, ಅರ್ಧಂಬರ್ಧ ಚುಚ್ಚಿಸಿಕೊಂಡದ್ದು ಒಂದು ಕಾರಣ. ಅಲ್ಲಿನ ಬಾವಿ ನೀರಿನ ಆರ್ಸೆನಿಕ್ ಕೂಡ ರೋಗಾಣುವನ್ನು ಪಳಗಿಸಿತು ಎಂಬ ವಾದವೂ ಇದೆ. ಆಮೇಲೆ ಆಂಫೊಟೆರಿಸಿನ್-ಬಿ ಎಂಬ ಔಷಧಿ ಬಂತು. ದಿನ ಬಿಟ್ಟು ದಿನ ಡ್ರಿಪ್, ಒಟ್ಟು ಹದಿನೈದು. ಅಂದರೆ ಒಂದು ತಿಂಗಳು ಆಸ್ಪತ್ರೆ. ಮಗುವಿನ ಜೊತೆ ಅಮ್ಮ ಆಸ್ಪತ್ರೆಯಲ್ಲಿ, ಮನೆಯಲ್ಲಿ ಉಳಿದ ಮಕ್ಕಳು ಹಸಿದುಕೊಂಡು. ಎಮ್ಮೆ ಮಾರಿ ಬಂದವರನ್ನು ನಾನೇ ನೋಡಿದ್ದೇನೆ.

ನನ್ನ ದಿನಗಳ ಒಂದು ನೋಟ ಹೇಳುತ್ತೇನೆ. ವೈಶಾಲಿಯ ಒಂದು ಟೋಲಾ. ಟೋಲಾ ಎಂದರೆ ನಮ್ಮ ಕೇರಿ. ಔಷಧಿ ಹೊಡೆಯುವವರು ಬೆಳಿಗ್ಗೆ ಬಂದರು. ಹೆಂಗಸರು ಮಡಕೆ, ಅಕ್ಕಿ ಚೀಲ, ಒಲೆಯ ಮುಂದಿನ ಪಾತ್ರೆ, ಮರಿಗಳ ಸಮೇತ ಮೇಕೆಯನ್ನೂ ಹೊರಗೆ ತಂದರು. ಒಬ್ಬ ಅಜ್ಜಿ ದೇವರ ಗೂಡಿನ ಕೋಣೆಗೆ ಬಿಡಲಿಲ್ಲ. ಇನ್ನೊಬ್ಬಳು ಅಡುಗೆ ಜಾಗ ಬೇಡ ಎಂದಳು. ಮೂರನೇ ಮನೆಯವರು ಹೊಲಕ್ಕೆ ಹೋಗಿ ಬೀಗ. ಉಳಿದ ಗೋಡೆಗಳ ಮೇಲೆ ಬಿಳಿ ಕಲೆ ಬಿಟ್ಟು ಅವರು ಹೊರಟರು. ಐದು ದಿನ ಬಿಟ್ಟು ಹೋದಾಗ ನೋಡುತ್ತೇನೆ, ಅಷ್ಟೂ ಗೋಡೆ ಹೊಸದಾಗಿ ಸಗಣಿ, ಮಣ್ಣು ಮೆತ್ತಿ ನುಣ್ಣಗೆ ಸಾರಿಸಿದೆ. ಹಬ್ಬ ಹತ್ತಿರ ಬಂದಿತ್ತಲ್ಲ! ಔಷಧಿ ಒಳಗೆ, ನೊಣ ಹೊರಗೆ. ಆ ಹೆಂಗಸರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಬಿಳಿ ಕಲೆಯ ಗೋಡೆ ಇಟ್ಟುಕೊಂಡು ಹಬ್ಬ ಮಾಡಲು ನಮ್ಮಮ್ಮನೂ ಒಪ್ಪುತ್ತಿರಲಿಲ್ಲ. ಹಬ್ಬದ ಪಂಚಾಂಗ ನೋಡದೆ ಸ್ಪ್ರೇ ದಿನ ಗೊತ್ತು ಮಾಡಿದ್ದು ನಮ್ಮ ತಪ್ಪು.

2005ರಲ್ಲಿ ಭಾರತ, ನೇಪಾಳ, ಬಾಂಗ್ಲಾದೇಶ ಒಟ್ಟಿಗೆ ಕೂತು ಒಪ್ಪಂದ ಮಾಡಿಕೊಂಡವು. ಈ ಕಾಯಿಲೆಗೆ ಗಡಿ ಇಲ್ಲ, ಒಂದೇ ದೇಶ ಹೋರಾಡಿದರೆ ಪ್ರಯೋಜನವಿಲ್ಲ ಅಂತ. ನಮ್ಮಲ್ಲಿ ಗುರಿ ಇಟ್ಟದ್ದು ಒಂದು ಬ್ಲಾಕ್‌ನಲ್ಲಿ, ಅಂದರೆ ನಮ್ಮ ತಾಲ್ಲೂಕಿಗೆ ಹತ್ತಿರದ ಘಟಕದಲ್ಲಿ, ವರ್ಷಕ್ಕೆ ಹತ್ತು ಸಾವಿರ ಜನಕ್ಕೆ ಒಂದಕ್ಕಿಂತ ಕಡಿಮೆ ರೋಗಿ. ಗಡುವು ಒಂದಲ್ಲ, ಮೂರ್ನಾಲ್ಕು ಸಲ ಮುಂದಕ್ಕೆ ಹೋಯಿತು. ಜನ ನಕ್ಕರು. ಆದರೆ ಈ ಸಲ ಕೈಯಲ್ಲಿ ಒಳ್ಳೆಯ ಸಾಮಾನು ಇತ್ತು. ಆ ಪಟ್ಟಿಯ ಪರೀಕ್ಷೆ ಹಳ್ಳಿ ಆಸ್ಪತ್ರೆಗೂ ಬಂತು. ಡಿಡಿಟಿಗೆ ನೊಣ ಬಗ್ಗದಾದಾಗ ಬೇರೆ ಕೀಟನಾಶಕಕ್ಕೆ ಬದಲಾಯಿಸಿದರು. ಔಷಧಿಯಲ್ಲಿ ಆದದ್ದಂತೂ ಪವಾಡ. ಮುಜಫ್ಫರ್‌ಪುರದಲ್ಲಿ ಶ್ಯಾಮ್ ಸುಂದರ್ ಎಂಬ ವೈದ್ಯರ ತಂಡ ಲೈಪೊಸೋಮಲ್ ಆಂಫೊಟೆರಿಸಿನ್ ಅನ್ನು, ಅಂದರೆ ಕೊಬ್ಬಿನ ಸಣ್ಣ ಗುಳ್ಳೆಗಳಲ್ಲಿ ತುಂಬಿದ ಅದೇ ಔಷಧಿಯನ್ನು, ಒಂದೇ ಒಂದು ಡ್ರಿಪ್ ಕೊಟ್ಟು ನೋಡಿತು. 2010ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಜನ ಆರು ತಿಂಗಳ ಮೇಲೂ ಗುಣವಾಗಿಯೇ ಇದ್ದರು. ತಿಂಗಳ ಆಸ್ಪತ್ರೆ ವಾಸ ಒಂದು ದಿನಕ್ಕೆ ಇಳಿಯಿತು. 2014ರಿಂದ ಸರ್ಕಾರಿ ಚಿಕಿತ್ಸೆ ಅದೇ ಆಯಿತು. ಅದನ್ನು ತಯಾರಿಸುವ ಕಂಪನಿ ವಿಶ್ವ ಆರೋಗ್ಯ ಸಂಸ್ಥೆಯ ಮೂಲಕ ಔಷಧಿಯನ್ನು ದಾನವಾಗಿ ಕೊಟ್ಟಿತು.

ಆ ಔಷಧಿ ನಿಮಗೂ ಗೊತ್ತು. 2021ರಲ್ಲಿ ಕೋವಿಡ್ ಎರಡನೇ ಅಲೆಯಲ್ಲಿ ಬ್ಲ್ಯಾಕ್ ಫಂಗಸ್ ಬಂದಾಗ ನಮ್ಮ ರಾಜ್ಯದಲ್ಲಿ ಜನ ಊರೂರು ಹುಡುಕಿ ಅಲೆದದ್ದು ಇದೇ ಇಂಜೆಕ್ಷನ್‌ಗೆ.

ಫಲ ಸಿಕ್ಕಿತು. 2007ರಲ್ಲಿ ದೇಶದಲ್ಲಿ 44 ಸಾವಿರ ದಾಟಿದ್ದ ರೋಗಿಗಳ ಸಂಖ್ಯೆ 2023ಕ್ಕೆ ಆರುನೂರಕ್ಕಿಂತ ಕೆಳಗಿಳಿಯಿತು. ಬಿಹಾರ, ಜಾರ್ಖಂಡ್, ಪಶ್ಚಿಮ ಬಂಗಾಳ, ಉತ್ತರ ಪ್ರದೇಶದ 633 ಬ್ಲಾಕ್‌ಗಳೂ ಆ ವರ್ಷ ಗುರಿ ಮುಟ್ಟಿದವು. ಬಾಂಗ್ಲಾದೇಶ ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾಯಿಲೆಯನ್ನು ಅಡಗಿಸಿದ್ದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಪ್ರಮಾಣಪತ್ರ ಪಡೆದು ಜಗತ್ತಿನಲ್ಲೇ ಮೊದಲ ದೇಶವಾಯಿತು. ಇಂಥ ಪ್ರಮಾಣಪತ್ರ ಬೇಕೆಂದರೆ ಆ ಕೆಳಮಟ್ಟವನ್ನು ಸತತ ಮೂರು ವರ್ಷ ಉಳಿಸಿಕೊಳ್ಳಬೇಕು. ಈಗ ಜಗತ್ತಿನ ಹೆಚ್ಚಿನ ರೋಗಿಗಳಿರುವುದು ಪೂರ್ವ ಆಫ್ರಿಕಾದಲ್ಲಿ, ಸುಡಾನ್, ದಕ್ಷಿಣ ಸುಡಾನ್, ಇಥಿಯೋಪಿಯಾ, ಕೀನ್ಯಾಗಳಲ್ಲಿ. ಅಲ್ಲಿ ಯುದ್ಧ ಮತ್ತು ವಲಸೆ ಈ ಕಾಯಿಲೆಯನ್ನು ಹೊತ್ತು ತಿರುಗುತ್ತಿವೆ. ದಕ್ಷಿಣ ಸುಡಾನಿನ ಒಂದೇ ಪ್ರದೇಶದಲ್ಲಿ 1984ರಿಂದ ಹತ್ತು ವರ್ಷದಲ್ಲಿ ಒಂದು ಲಕ್ಷ ಜನ ಸತ್ತರೆಂಬ ಅಂದಾಜಿದೆ.

ಹಾಗಾಗಿ ಟಿವಿಯವರು ಸುಳ್ಳು ಹೇಳಲಿಲ್ಲ, ಅರ್ಧ ಹೇಳಿದರು. ಕನ್ನಡದಲ್ಲಿ ನಾವು ಎಲ್ಲಕ್ಕೂ 'ನಿರ್ಮೂಲನೆ' ಎನ್ನುತ್ತೇವೆ. ಸಿಡುಬು ಹೋಯಿತಲ್ಲ, ಅದು ಬೇರು ಸಮೇತ ಕಿತ್ತದ್ದು. ಕಾಲಾ ಅಜಾರ್ ವಿಷಯದಲ್ಲಿ ಆಗಿರುವುದು ಗಿಡವನ್ನು ನೆಲಮಟ್ಟಕ್ಕೆ ಕತ್ತರಿಸಿದ್ದು. ಮಚ್ಚೆ ಇರುವವರು ಇದ್ದಾರೆ. ಎಚ್‌ಐವಿ ಜೊತೆಗೆ ಈ ಸೋಂಕೂ ಇರುವವರಲ್ಲಿ ಕಾಯಿಲೆ ಮತ್ತೆ ಮತ್ತೆ ಮರುಕಳಿಸುತ್ತದೆ. ನೊಣ ಎಲ್ಲಿಗೂ ಹೋಗಿಲ್ಲ. ಹೋಗುತ್ತಿರುವುದು ಅನುಭವ ಇರುವ ಡಾಕ್ಟರು, ಲ್ಯಾಬ್ ಟೆಕ್ನಿಷಿಯನ್‌ಗಳು. ನಿವೃತ್ತರಾಗುತ್ತಿದ್ದಾರೆ. 1960ರ ದಶಕದಲ್ಲಿ ಆದದ್ದೂ ಇದೇ.

ಕರ್ನಾಟಕಕ್ಕೆ ಬರುತ್ತಾ? ಆ ಜಾತಿಯ ಮರಳು ನೊಣ ದಕ್ಷಿಣದಲ್ಲೂ ಇದೆ. ಕೇರಳದ ತಿರುವನಂತಪುರ ಜಿಲ್ಲೆಯ ಕಾಡಂಚಿನ ಕಾಣಿ ಬುಡಕಟ್ಟಿನವರಲ್ಲಿ ಚರ್ಮದ ಲೀಶ್ಮೇನಿಯಾ ಕಂಡುಬಂದಿದೆ. ಆದರೆ ಒಬ್ಬ ರೋಗಿ ಬಂದ ಮಾತ್ರಕ್ಕೆ ಕಾಯಿಲೆ ಬೇರು ಬಿಡುವುದಿಲ್ಲ. ತುಂಬಾ ನೊಣ, ನೊಣಕ್ಕೆ ಬೇಕಾದ ಒದ್ದೆ ಮಣ್ಣಿನ ಮನೆ, ಒಂದೇ ಕಡೆ ಹಲವು ರೋಗಿಗಳು, ಇವೆಲ್ಲ ಕೂಡಬೇಕು. ನಿಮ್ಮ ತಗಡಿನ ಶೆಡ್ಡಿನಲ್ಲಿ ಅದು ಕೂಡುವ ಸಂಭವ ತೀರಾ ಕಡಿಮೆ. ಶೆಡ್ಡಿನ ಪಕ್ಕದಲ್ಲಿ ದನ ಕಟ್ಟಿದ್ದರೆ ದೂರ ಕಟ್ಟಿಸಿ, ಸಗಣಿ ಗುಡ್ಡೆ ತೆಗೆಸಿ. ಅಷ್ಟು ಸಾಕು.

ಆ ಹನ್ನೆರಡು ಜನರ ಕಡೆ ಮಾತ್ರ ಒಂದು ಕಣ್ಣಿರಲಿ. ಹುಡುಗನಿಂದ ಅವರಿಗೆ ಬರುತ್ತದೆ ಅಂತಲ್ಲ. ಅವರೂ ಅವನ ಊರಿನವರೇ ಆಗಿದ್ದರೆ ಅಲ್ಲಿಯೇ ಕಚ್ಚಿಸಿಕೊಂಡು ಬಂದಿರಬಹುದು. ಕಚ್ಚಿದ ಮೇಲೆ ಜ್ವರ ಬರಲು ಸಾಮಾನ್ಯವಾಗಿ ಎರಡರಿಂದ ಆರು ತಿಂಗಳು, ಒಮ್ಮೊಮ್ಮೆ ವರ್ಷವೇ ಹಿಡಿಯುತ್ತದೆ. ಯಾರಿಗಾದರೂ ಎರಡು ವಾರ ಮೀರಿ ಜ್ವರ ಇದ್ದರೆ ಡಾಕ್ಟರ ಎದುರು ಮೊದಲು ಊರಿನ ಹೆಸರು ಹೇಳಿಸಿ. ಆಮೇಲೆ ಜ್ವರದ ಕಥೆ. ಈ ಹುಡುಗನ ವಿಷಯವನ್ನು ಆಸ್ಪತ್ರೆಯವರು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ತಿಳಿಸಿದ್ದಾರಾ ಎಂದು ಕೇಳಿ. ಅಲ್ಲಿಂದ ಬಿಹಾರದ ಅವನ ಬ್ಲಾಕಿಗೆ ಸುದ್ದಿ ಹೋದರೆ ಅವನ ಮನೆಯ ಸುತ್ತ ಔಷಧಿ ಹೊಡೆಯುತ್ತಾರೆ, ಅಕ್ಕಪಕ್ಕದವರನ್ನು ಪರೀಕ್ಷೆ ಮಾಡುತ್ತಾರೆ. ಬಿಹಾರ ಸರ್ಕಾರದ ಯೋಜನೆಯಲ್ಲಿ ರೋಗಿಗಳಿಗೆ ಸ್ವಲ್ಪ ಹಣವೂ ಸಿಗುತ್ತದೆ. ಕೂಲಿ ತಪ್ಪಿದ್ದಕ್ಕೆ ಅಂತ.

ಡ್ರಿಪ್ ಆದ ಕೆಲವು ದಿನಕ್ಕೆ ಜ್ವರ ಬಿಡುತ್ತದೆ, ಹಸಿವು ಆಗುತ್ತದೆ. ಗುಲ್ಮ ಇಳಿಯಲು ತಿಂಗಳುಗಳು ಬೇಕು. ಅಲ್ಲಿಯವರೆಗೆ ಹೊಟ್ಟೆಗೆ ಪೆಟ್ಟು ಬೀಳುವ ಕೆಲಸ, ಮೇಲಿಂದ ಕಂಬಿ ಇಳಿಸುವ ಕೆಲಸ ಕೊಡಬೇಡಿ. ದಪ್ಪ ಗುಲ್ಮ ಸಣ್ಣ ಪೆಟ್ಟಿಗೂ ಒಡೆಯಬಹುದು. ಆರು ತಿಂಗಳಿಗೆ, ವರ್ಷಕ್ಕೆ ಒಂದೊಂದು ಸಲ ತೋರಿಸಲಿ. ಗುಣವಾದ ಮೇಲೂ ಆ ಪಟ್ಟಿ ಪರೀಕ್ಷೆಯಲ್ಲಿ ವರ್ಷಗಟ್ಟಲೆ ಎರಡು ಗೆರೆ ಬರುತ್ತಲೇ ಇರುತ್ತದೆ. ಯಾರಾದರೂ ಅದನ್ನು ನೋಡಿ ಮತ್ತೆ ಕಾಯಿಲೆ ಎಂದರೆ ನಂಬಬೇಡಿ.

ಕೊನೆಯದಾಗಿ ಆ ಮಚ್ಚೆಗಳು. ನಮ್ಮ ದೇಶದಲ್ಲಿ ಗುಣವಾದ ನೂರು ಜನರಲ್ಲಿ 5ರಿಂದ 10 ಜನಕ್ಕೆ ಎರಡು ಮೂರು ವರ್ಷದ ಮೇಲೆ ಮುಖ, ತೋಳು, ಬೆನ್ನಿನ ಮೇಲೆ ತಿಳಿಬಣ್ಣದ ಮಚ್ಚೆ ಏಳುತ್ತವೆ. ಎಷ್ಟೋ ಜನಕ್ಕೆ ಕುಷ್ಠರೋಗದ ಮಾತ್ರೆ ಕೊಟ್ಟು ಕಳಿಸಿರುತ್ತಾರೆ. ಅದಕ್ಕೆ ಮಿಲ್ಟೆಫೊಸಿನ್ ಎಂಬ ಮಾತ್ರೆ ಹನ್ನೆರಡು ವಾರ ನುಂಗಬೇಕು. ಅಷ್ಟು ಹೊತ್ತಿಗೆ ಹುಡುಗ ನಿಮ್ಮ ಸೈಟಿನಲ್ಲಿ ಇರುವುದಿಲ್ಲ. ಚೆನ್ನೈನಲ್ಲೋ ಸೂರತ್‌ನಲ್ಲೋ ಇರುತ್ತಾನೆ, ಇಲ್ಲವೇ ಊರಲ್ಲೇ ಇರುತ್ತಾನೆ. ಅದಕ್ಕೆ ಅವನ ಡಿಸ್ಚಾರ್ಜ್ ಚೀಟಿಯ ಎರಡು ಜೆರಾಕ್ಸ್ ಮಾಡಿಸಿ. ಮೊಬೈಲ್‌ನಲ್ಲಿ ಒಂದು ಫೋಟೊ ತೆಗೆಸಿ. ಒಂದು ಪ್ರತಿಯ ಮೇಲೆ ಹಿಂದಿಯಲ್ಲಿ ದೊಡ್ಡದಾಗಿ ಕಾಯಿಲೆಯ ಹೆಸರು, ಇಂಜೆಕ್ಷನ್ ಕೊಟ್ಟ ತಾರೀಖು ಬರೆಸಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಡಿ. ಛಠ್ ಹಬ್ಬಕ್ಕೆ ಹೇಗೂ ರೈಲು ಹತ್ತುತ್ತಾನಲ್ಲ, ಆ ಕವರನ್ನು ಅವನ ಅಮ್ಮನ ಕೈಗೆ ಕೊಡಲು ಹೇಳಿ. ಮುಖದ ಮೇಲೆ ಮಚ್ಚೆ ಎದ್ದರೆ ಮೊದಲು ಕಾಣುವುದು ಅವಳಿಗೇ.